ಪೋಸ್ಟಲ್ ಡಾಕ್ಟರಮ್ಮನ ಬಲಗೈ

"ಅಲ್ಲಾಡಬೇಡಿ!"

ನಾನು ಅಲ್ಲಾಡಲಿಲ್ಲ. ಕುತ್ತಿಗೆಗೆ ಸೂಜಿಯ ಮೊನೆ ಒತ್ತಿಕೊಂಡಿರುವಾಗ ಎಂಥ ಗಂಡಸೂ ಅಲ್ಲಾಡುವುದಿಲ್ಲ.

"ಸಿರಿಂಜಲ್ಲಿ ಏನಿದೆ?" ಎಂದೆ.

"ಗಾಳಿ."

"ಬರೀ ಗಾಳಿನಾ?"

"ಒತ್ತಿದ್ರೆ ನೀವು ಸಾಯ್ತೀರಿ... ಪುಸ್ತಕದಲ್ಲಿ ಹಾಗೇ ಇದೆ. ನಾನು ಓದಿದ್ದು ದೂರಶಿಕ್ಷಣದಲ್ಲಿ. ಪ್ರಾಕ್ಟಿಕಲ್ ಕಮ್ಮಿ. ನೋಡೋಣ್ವಾ?"

ಬೇಡ ಎಂದೆ.

ನನ್ನ ಕಸುಬು ಇಷ್ಟೇ... ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬಂದರೆ, ಬಂದವರನ್ನು ಪಕ್ಕಕ್ಕೆ ಸರಿಸುತ್ತೇನೆ. ಈ ಸಲ ಸರಿಸಬೇಕಾಗಿದ್ದದ್ದು ಇವಳನ್ನು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುವ ಸಣಕಲು ಹೆಂಗಸು.

ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳು ಇವಳೇ. ತಂಗಿಯನ್ನು ಒಳ್ಳೆಯ ಕಾಲೇಜಿಗೆ ಕಳಿಸಿದಳು. ತಾನು ಕೌಂಟರಿನ ಹಿಂದೆ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಪೋಸ್ಟಲ್ಲಿ ಪಾಠ ಬರುವ ದೂರಶಿಕ್ಷಣದ ಡಿಗ್ರಿ ಮುಗಿಸಿದಳು. ಮೆಡಿಕಲ್ ಕಾಲೇಜಿಗೆ ಅದು ಸಾಲದು ಎಂದರು. ಲ್ಯಾಬ್ ಕೋರ್ಸ್ ಮಾಡಿಕೊಂಡು ಬಾ ಎಂದರು. ಸಿಕ್ಕ ರಜೆಯನ್ನೆಲ್ಲ ಕಪ್ಪೆ ಕೊಯ್ಯುವುದಕ್ಕೆ, ಆಸಿಡ್ ಅಳೆಯುವುದಕ್ಕೆ ಸುರಿದಳು. ಮೀಸೆ ಚಿಗುರದ ಹುಡುಗರ ನಡುವೆ ಕೂತು ಎಂಟ್ರೆನ್ಸ್ ಬರೆದಳು. ಪಾಸಾದಳು!

ಅವತ್ತು ಮಧ್ಯಾಹ್ನ ಇಂಟರ್‌ವ್ಯೂ. ಅದೊಂದು ದಾಟಿದರೆ ಸೀಟು.

ಅದೇ ಪರೀಕ್ಷೆಯನ್ನು ತಂಗಿಯೂ ಬರೆದಿದ್ದಳು. ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳು. ಒಬ್ಬರು ಬಿದ್ದರೆ ಅವಳು ಒಳಗೆ.

ನನ್ನನ್ನು ಗೊತ್ತುಮಾಡಿದವಳು ಆ ತಂಗಿ!

"ಆ ಪೋಸ್ಟಲ್ ಡಾಕ್ಟರಮ್ಮ ಇಂಟರ್‌ವ್ಯೂಗೆ ಹೋಗಬಾರದು," ಎಂದಿದ್ದಳು. "ಸಾಯಿಸೋದೆಲ್ಲ ಬೇಡ. ಬಲಗೈ ಮುರಿದ್ರೆ ಸಾಕು."

"ಸ್ವಂತ ಅಕ್ಕ ಅಲ್ವೇನಮ್ಮ?"

"ನಾನು ರೆಗ್ಯುಲರ್ ಕಾಲೇಜಲ್ಲಿ ಓದಿದೋಳು. ಅವಳು ಕೌಂಟರ್ ಹಿಂದೆ ಕೂತು ಓದಿದೋಳು. ಅವಳಿಗೆ ಸೀಟು, ನನಗೆ ವೇಟಿಂಗ್ ಲಿಸ್ಟಾ?"

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅಕ್ಕನ ತೋಳಿಗೆ ಕೈ ಹಾಕಿದೆ. ಬ್ಯಾಗನ್ನು ನನ್ನ ಮುಖಕ್ಕೆ ಬೀಸಿದಳು. ಒಳಗೆ ಇಟ್ಟಿಗೆ ದಪ್ಪದ ಪುಸ್ತಕಗಳು... ಕಣ್ಣು ಕತ್ತಲಿಟ್ಟಿತು!

ಓಡಿದಳು. ತರಕಾರಿ ಗಾಡಿಗಳ ಸಂದಿ. ಸೈಕಲ್ ಸ್ಟ್ಯಾಂಡ್. ಅರ್ಧ ಕಟ್ಟಿ ಬಿಟ್ಟ ಕಟ್ಟಡ. ಅಲ್ಲಿ ಬಿದ್ದಿದ್ದ ಒಂದು ಕಬ್ಬಿಣದ ಸಲಾಕೆ ಎತ್ತಿಕೊಂಡೆ. ನಾನು ಬೆನ್ನು ಬಿಡಲಿಲ್ಲ. ಕೊನೆಗೆ ಅವಳದೇ ಲ್ಯಾಬಿನ ಹಿಂಬಾಗಿಲು. ಕೀಲಿ ಅವಳ ಹತ್ತಿರವೇ ಇತ್ತು. ವಾರದ ರಜೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಬಾಗಿಲು ಹಾಕುವ ಮುಂಚೆ ನಾನೂ ನುಗ್ಗಿದೆ.

ನುಗ್ಗಿದವನ ಕುತ್ತಿಗೆಗೆ ಸೂಜಿ!

"ಯಾರು ಕಳಿಸಿದ್ದು?" ಎಂದಳು.

"ಹೇಳೋ ಹಾಗಿಲ್ಲ."

"ಸೀಟಿಗೋಸ್ಕರಾನಾ?"

"ಹೂಂ."

ಸೂಜಿ ನಡುಗಿತು. ಭಯ ನನಗಾಯಿತು!

"ಹಾಗಾದ್ರೆ... ನನ್ನ ತಂಗೀನೂ ಲಿಸ್ಟಲ್ಲಿದ್ದಾಳೆ. ನಾನಾದ ಮೇಲೆ ಅವಳ ಹತ್ರ ಹೋಗ್ತೀರಾ?"

ನಗು ಬಂತು. ನುಂಗಿಕೊಂಡೆ. ನನ್ನ ಮೌನವನ್ನು ಅವಳು ಹೌದು ಎಂದುಕೊಂಡಳು. ಸಿರಿಂಜ್ ನೆಲಕ್ಕೆ ಬಿತ್ತು.

"ಅವಳಿನ್ನೂ ಮಗು, ಸಾರ್. ಅವಳ ತಂಟೆಗೆ ಹೋಗಬೇಡಿ. ನಾನು ಇಂಟರ್‌ವ್ಯೂಗೆ ಹೋಗಲ್ಲ. ನಂಬಿಕೆ ಇಲ್ವಾ? ನಾನು ಬರೆಯೋ ಕೈ, ತಗೊಳ್ಳಿ..."

ನನ್ನ ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನೇ ನೋಡುತ್ತಾ, ತನ್ನ ಬಲಗೈಯನ್ನು ತಾನೇ ಮೇಜಿನ ಮೇಲೆ ಚಾಚಿದಳು!

ಬೇರೆಯವನಾಗಿದ್ದರೆ ಕರಗುತ್ತಿದ್ದ.

ನಾನು ಸಲಾಕೆ ಎತ್ತಿದೆ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತಂಗಿ! ಸ್ಪೀಕರ್ ಒತ್ತಿದೆ. ಕನಿಕರದಿಂದ ಅಲ್ಲ, ತಪ್ಪು ತಿಳಿಯಬೇಡಿ... ಕೈ ಮುರಿಯುವುದನ್ನು ಎಷ್ಟೋ ಸಲ ನೋಡಿದ್ದೆ. ಇಂಥ ಪ್ರೀತಿ ಮುರಿಯುವುದನ್ನು ನೋಡಿರಲಿಲ್ಲ.

"ಆಯ್ತಾ? ಬಲಗೈ ಮಾತ್ರ, ನೆನಪಿರಲಿ! ಎಡಗೈ ಮುಟ್ಟಬೇಡಿ. ಆಮೇಲೆ ಮನೆ ಕೆಲಸ ಯಾರು ಮಾಡ್ತಾರೆ? ನನ್ನ ಬಟ್ಟೆ ಯಾರು ಒಗೀತಾರೆ?"

ಅಕ್ಕ ಕಣ್ಣು ಮಿಟುಕಿಸಲಿಲ್ಲ. ಫೋನಿನ ಕಡೆ ಬಾಗಿದಳು.

"ಪುಟ್ಟಿ... ತಿಂಡಿ ತಿಂದ್ಯಾ?"

ಆ ಕಡೆ ಫೋನ್ ಕಟ್!

ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ಉಜ್ಜಿ ತೊಳೆದಳು. ತಲೆ ಬಾಚಿಕೊಂಡಳು.

"ನಿಮ್ಮ ಹತ್ರ ಗಾಡಿ ಇದೆಯಾ?"

"ಇದೆ."

"ಕಾಲೇಜ್ ತನಕ ಬಿಡಿ."

ಬಿಟ್ಟೆ! ಯಾಕೆಂದು ಕೇಳಬೇಡಿ. ಆ ದನಿಗೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಗೇಟಿನ ಮುಂದೆ ಇಳಿದಳು. ಬಟ್ಟೆಯ ಸುಕ್ಕು ಸವರಿಕೊಂಡಳು.

"ನನ್ನ ತಂಗಿ ಬರೆಯೋದು ಎಡಗೈಲಿ," ಎಂದಳು.

"ಏನಮ್ಮಾ... ಹೊಸ ಕೆಲಸ ಕೊಡ್ತಿದ್ದೀರಾ?"

"ಇಲ್ಲಪ್ಪ. ಮನೆ ಕೆಲಸ ನಾನೇ ಮಾಡೋದಲ್ವಾ?"

ತಿರುಗಿ ನೋಡದೆ ಒಳಗೆ ಹೋದಳು.

ಸೀಟು ಸಿಕ್ಕಿತು.

ಕೆಲವು ತಿಂಗಳಾದ ಮೇಲೆ ತಂಗಿ ನನಗೆ ಫೋನ್ ಮಾಡಿದಳು. ಪಿಸುದನಿ.

"ಅಕ್ಕ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ! ಬಡಿಸ್ತಾಳೆ, ಬಟ್ಟೆ ಒಗೀತಾಳೆ, ತಲೆ ಸವರ್ತಾಳೆ... ಮನೆ ಬಿಟ್ಟು ಹೋಗೋಣ ಅಂದ್ರೆ ನನಗೆ ಬೇರೆ ಯಾರಿದ್ದಾರೆ? ಈಗ ಅವಳಿಗೆ ಕ್ಲಾಸಲ್ಲಿ ಕೈಯ ಅನಾಟಮಿ ನಡೀತಿದೆಯಂತೆ. ದಿನಾ ಸಾಯಂಕಾಲ ಎದುರಿಗೆ ಕೂರಿಸ್ಕೊಂಡು ನನ್ನ ಕೈ ಹಿಡ್ಕೊಳ್ತಾಳೆ. ಎಡಗೈಯೇ ಬೇಕಂತೆ! ಒಂದೊಂದೇ ಮೂಳೆ ಒತ್ತಿ ಒತ್ತಿ, ಹೆಸರು ಬಾಯಿಪಾಠ ಮಾಡ್ತಾಳೆ... ನಗ್ತಾ ನಗ್ತಾ! ನಾನೇನು ಮಾಡ್ಲಿ?"

"ಕೈ ಹಿಂದಕ್ಕೆ ಎಳ್ಕೋಬೇಡಮ್ಮ," ಎಂದೆ. "ಓದೋರಿಗೆ ತೊಂದರೆ ಕೊಡಬಾರದು!"