ಎದುರು ಕುರ್ಚಿಯ ದುಭಾಷಿ

“ಅವರು ಹೇಳಿದ್ದು ಅದಲ್ಲ.”

ದನಿ ಏರಿರಲಿಲ್ಲ. ಆದರೂ ಬಟ್ಟೆ ಗಿರಣಿಯ ಸಭಾಂಗಣದಲ್ಲಿ ಗುಸುಗುಸು ನಿಂತುಹೋಯಿತು. ಅವಳು ತಲೆಯೆತ್ತಿದಳು. ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ಕಾರ್ಮಿಕರ ಕಡೆಯ ದುಭಾಷಿ ಅವಳನ್ನೇ ನೋಡುತ್ತಿದ್ದ.

ಗಿರಣಿಯನ್ನು ಕೊಂಡ ಹೊರದೇಶದ ಕಂಪನಿಯ ಅಧಿಕಾರಿ ಇಂಗ್ಲಿಷಿನಲ್ಲಿ ಮಾತಾಡಿದ್ದ. ಅದನ್ನು ಜನರಿಗೆ ತಿಳಿಸುವುದು ಕಂಪನಿಯ ದುಭಾಷಿಯಾದ ಅವಳ ಕೆಲಸ. ಬಣ್ಣ ಹಾಕುವ ವಿಭಾಗಕ್ಕೆ ಬೇರೆ ವ್ಯವಸ್ಥೆ ಆಗುತ್ತದೆ ಎಂದಷ್ಟೇ ಅವಳು ಹೇಳಿದ್ದಳು.

ಅವನು ಹೆಂಗಸರ ಸಾಲಿನತ್ತ ತಿರುಗಿದ. “ಬಣ್ಣದ ವಿಭಾಗ ಮುಚ್ತಾರೆ. ಮುಂದಿನ ತಿಂಗಳಿಂದ ಅಲ್ಲಿ ಯಾರಿಗೂ ಕೆಲಸ ಇರಲ್ಲ.”

ಮುಂದಿನ ಸಾಲಿನ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಉಳಿದವರ ಕಣ್ಣೆಲ್ಲ ಕಂಪನಿಯ ದುಭಾಷಿಯ ಮೇಲೆ. ನೆಲ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಚಹಾ ಬಿಡುವಿನಲ್ಲಿ ಅವನನ್ನು ಪಡಸಾಲೆಯಲ್ಲೇ ತಡೆದಳು.

“ಅಷ್ಟು ಜನರ ಮುಂದೆ ನನ್ನ ಮಾನ ತೆಗೀಬೇಕಿತ್ತಾ? ನನಗೊಬ್ಬಳಿಗೇ ಹೇಳಬಹುದಿತ್ತು.”

“ಅಷ್ಟರಲ್ಲಿ ಅವರು ಒಪ್ಪಂದಕ್ಕೆ ಸಹಿ ಹಾಕಿ ಮನೆಗೆ ಹೋಗಿರೋರು ಮೇಡಂ.”

“ನಾನು ಮೋಸ ಮಾಡಲಿಲ್ಲ. ಆ ಮುಖಗಳನ್ನ ನೋಡಿ ನಾಲಿಗೆ ಏಳಲಿಲ್ಲ...”

ಅವನು ಉತ್ತರಿಸುವ ಮೊದಲೇ, ಬಾಯಿಗೆ ಕೈ ಹಿಡಿದಿದ್ದ ಆ ಹೆಂಗಸು ಬಂದು ಅವನ ತೋಳು ಹಿಡಿದುಕೊಂಡಳು. ಬೆಳಿಗ್ಗೆ ಏನಾದರೂ ತಿಂದೆಯೇನೋ ಮಗನೇ ಎಂದು ಕೇಳಿದಳು.

ಅವನ ಅಮ್ಮ!

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ. ‘ಗುರುತಿಲ್ಲದವರಿಗೆ ಹೇಳೋಕೇ ನನ್ನ ಬಾಯಿ ಕಟ್ಟಿತು. ಇವನು ಹೆತ್ತ ತಾಯಿಗೇ ಹೇಳಿದ. ಹೇಗೆ ಹೇಳಿದನೋ...’

ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ.ಗೆ ಸೇರಿದಾಗ, ಟೀಚರ್ ಆಗುವುದು ಬಿಟ್ಟರೆ ಇದರಿಂದ ಇನ್ನೇನು ದಾರಿ ಎಂದು ಅವಳ ಅಪ್ಪ ತಲೆ ಕೆಡಿಸಿಕೊಂಡಿದ್ದರು. ಇನ್ನು ಮನೆಯಲ್ಲಿ ಜಗಳವೂ ಇಂಗ್ಲಿಷಿನಲ್ಲೇ ಎಂದು ಅಕ್ಕನ ಗಂಡ ನಕ್ಕಿದ್ದ. ಜೊತೆಗೆ ಓದಿದವರಲ್ಲಿ ಒಬ್ಬಳು ಪತ್ರಿಕೆ ಸೇರಿದಳು, ಒಬ್ಬ ಜಾಹೀರಾತು ಬರೆಯತೊಡಗಿದ. ಅವಳಿಗೆ ಮಾತಿನ ಕೆಲಸವೇ ಹಿಡಿಸಿತು. ತರಗತಿಯಲ್ಲಿ ಒಂದು ಪದದ ಅರ್ಥಕ್ಕಾಗಿ ಇಡೀ ಮಧ್ಯಾಹ್ನ ವಾದ ಮಾಡಿದ್ದು ಬರೀ ಓದಿನ ಸುಖವೆಂದು ತಿಳಿದಿದ್ದಳು. ಅಂಥ ಒಂದು ಪದದ ಮೇಲೆ ಯಾರದೋ ಅನ್ನ ನಿಂತಿರುತ್ತದೆ ಎಂಬುದು ಆ ದಿನ ಗೊತ್ತಾಯಿತು.

ಅವನು ಓದಿದ್ದೂ ಇಂಗ್ಲಿಷೇ. ಶಾಲಾ ಪುಸ್ತಕಗಳ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ. ಅಮ್ಮನ ಸಂಘದವರು ಕರೆದರೆಂದು ಮಾತುಕತೆಗೆ ಬಂದಿದ್ದ.

ಮಾತುಕತೆ ವಾರಗಟ್ಟಲೆ ನಡೆಯಿತು. ಅವಳು ಮತ್ತೆಂದೂ ಮಾತನ್ನು ಮೆತ್ತಗೆ ಮಾಡಲಿಲ್ಲ. ಅಧಿಕಾರಿ ‘ಕೊಡುತ್ತೇವೆ’ ಎಂದನೋ ‘ಕೊಡಬಹುದು’ ಎಂದನೋ ಎಂದು ಇಬ್ಬರೂ ಚಹಾ ಆರುವವರೆಗೆ ಚರ್ಚಿಸುತ್ತಿದ್ದರು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿಗೇ ಅಂಟುತ್ತಿತ್ತು. ಕಡೆಗೆ ಹೆಂಗಸರಿಗೆ ನೇಯ್ಗೆ ವಿಭಾಗದಲ್ಲಿ ಕೆಲಸ ಕೊಡಲು ಕಂಪನಿ ಒಪ್ಪಿತು.

ಸಹಿಯ ದಿನ ಜ್ವರದಿಂದ ಅವಳಿಗೆ ಹೋಗಲಾಗಲಿಲ್ಲ. ಮರುದಿನ ಅವಳಿಗೆ ಕೆಲಸ ಕೊಡಿಸುತ್ತಿದ್ದ ಏಜೆನ್ಸಿಯ ಮುಖ್ಯಸ್ಥರು ಕರೆದು, ಇನ್ನು ಬರುವುದು ಬೇಡ ಎಂದರು. ಮೊದಲ ದಿನದ ತಪ್ಪಿನ ಬಗ್ಗೆ ಯಾರೋ ದೂರಿದ್ದರಂತೆ. ಸಹಿಯ ಸಭೆಯಲ್ಲಿ ವಿಚಾರಿಸಿದಾಗ, ಹೌದು, ಅವರು ತಪ್ಪಾಗಿ ಹೇಳಿದ್ದರು ಎಂದು ಕಾರ್ಮಿಕರ ದುಭಾಷಿಯೇ ಒಪ್ಪಿಕೊಂಡನಂತೆ.

ಕೆಲಸ ಹೋದದ್ದಕ್ಕಿಂತ, ಹಾಗೆ ಹೇಳಿದವನು ಅವನೇ ಎಂಬುದು ಅವಳ ಎದೆ ಸುಟ್ಟಿತು. ಅವನ ಫೋನ್ ಬಂದಾಗಲೆಲ್ಲ ಕತ್ತರಿಸಿದಳು. ತಾನು ಓದಿದ ಇಂಗ್ಲಿಷ್ ವಿಭಾಗದಲ್ಲೇ ಅನುವಾದ ಕಲಿಸುವ ತಾತ್ಕಾಲಿಕ ಕೆಲಸಕ್ಕೆ ಸೇರಿದಳು.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಹೊರಬಂದರೆ, ಬಾಗಿಲಲ್ಲಿ ಅವನ ಅಮ್ಮ. ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

“ಅವನಿಗೆ ಸುಳ್ಳು ಹೇಳೋಕೆ ಬರಲ್ಲ ಕಣಮ್ಮ. ಕೇಳಿದ್ರು, ಹೌದು ಅಂದ. ಆಮೇಲೆ ಅವನು ಹೇಳಿದ್ದನ್ನ ನಿನಗೆ ಯಾರೂ ಮುಟ್ಟಿಸಲಿಲ್ಲ.”

“ಆಮೇಲೆ... ಏನಂದ್ರು?”

“ಆ ಒಂದು ದಿನ ಬಿಟ್ರೆ ಅವರ ಒಂದು ಮಾತೂ ಆಚೀಚೆ ಆಗಿಲ್ಲ. ನಮ್ಮಮ್ಮನಿಗೆ ಕೆಲಸ ಉಳಿದಿದ್ದರೆ ಅದರಲ್ಲಿ ಅವರ ಪಾಲೂ ಇದೆ ಅಂದ. ನಾನು ಅಲ್ಲೇ ಕೂತಿದ್ದೆ.”

ಅವಳು ಗೋಡೆಗೆ ಒರಗಿದಳು. ‘ಅವನ ಬಾಯಿಂದ ಕೇಳದೆ, ಯಾರೋ ತಂದ ಅರ್ಧ ಮಾತನ್ನ ನಂಬಿದೆನಲ್ಲ. ನಾನೆಂಥ ದುಭಾಷಿ?’

ಆ ಸಂಜೆಯೇ ಪ್ರಕಾಶನದ ಕಚೇರಿಗೆ ಹೋದಳು. ಅವನು ಐದನೇ ತರಗತಿಯ ಪುಸ್ತಕದ ಕರಡು ಹರಡಿಕೊಂಡಿದ್ದ. ಅವಳನ್ನು ಕಂಡು ಪೆನ್ನು ಕೆಳಗಿಟ್ಟ.

“ನಿಮ್ಮ ಮಾತು ಕೇಳದೆ ಕೋಪ ಮಾಡ್ಕೊಂಡೆ. ತಪ್ಪಾಯ್ತು,” ಎಂದಳು.

“ನನಗೂ ಅಪರಾಧಿ ಥರ ಅನ್ನಿಸ್ತಿತ್ತು. ನಿಜ ಹೇಳಿದ್ದಕ್ಕಲ್ಲ, ಅದರಿಂದ ನೀವು ದೂರ ಆದಿರಲ್ಲ, ಅದಕ್ಕೆ.” ಅವನು ತಡವರಿಸಿದ. “ನನಗೆ... ನೀವಂದ್ರೆ ಇಷ್ಟ. ಬಹಳ ದಿನದಿಂದ.”

ಅವಳ ಕಣ್ಣು ತುಂಬಿತು.

“ನನಗೂ,” ಎಂದಳು.

“ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?”

“ಬನ್ನಿ. ಅಪ್ಪ ಮನೇಲೇ ಇರ್ತಾರೆ.”

“ಮತ್ತೆ ಇವತ್ತು?”

“ಇವತ್ತು ನಿಮ್ಮ ಕೆಲಸ ಮುಗಿಸಿ. ನಾನು ಇಲ್ಲೇ ಕೂತಿರ್ತೀನಿ.”

ಅವನು ಎದ್ದು ಕುರ್ಚಿಯೊಂದನ್ನು ತಂದು, ತನ್ನ ಪಕ್ಕದಲ್ಲೇ ಹಾಕಿದ.