ಗುಳಿಗೆಗೆ ಕಟ್ಟಿದ ಕಪ್ಪು ದಾರ

ಯಾವುದನ್ನೂ ಮೂರು ಸಲ ನೋಡದೆ ನಾನು ನಂಬುವವಳಲ್ಲ. ಹಾಗಾಗಿ ನಡೆದಷ್ಟನ್ನೇ ಬರೆಯುತ್ತಿದ್ದೇನೆ.

ಅಮ್ಮನ ಮಾತ್ರೆಗಳನ್ನು ಅಕ್ಕ ನೋಡಿಕೊಳ್ಳುತ್ತಿದ್ದಳು. ಬಟ್ಟೆ ಹೊಲಿಯುವವಳು, ಓದಲು ಬರುತ್ತಿರಲಿಲ್ಲ. ಅದಕ್ಕೇ ಮಾತ್ರೆಯ ಹಾಳೆಗಳಿಗೆ ದಾರ ಕಟ್ಟುತ್ತಿದ್ದಳು: ಬೆಳಗಿನದಕ್ಕೆ ಬಿಳಿ, ಸಂಜೆಯದಕ್ಕೆ ಕೆಂಪು, ವೈದ್ಯರು ಬೇಡ ಎಂದದ್ದಕ್ಕೆ ಕಪ್ಪು. ಆರು ವರ್ಷದಲ್ಲಿ ಒಂದು ಮಾತ್ರೆಯೂ ತಪ್ಪಲಿಲ್ಲ. ಅವಳು ತೀರಿಕೊಂಡ ಮೇಲೆ, ಸಂಜೆ ತರಗತಿಯಲ್ಲಿ ಓದಿದ ನನಗೆ ಆ ಕೆಲಸ ಬಂತು. ಡಬ್ಬಿ ತೆರೆದರೆ ಪ್ರತಿ ಹೆಸರನ್ನೂ ಮೂರು ಸಲ ಓದುತ್ತಿದ್ದೆ.

ಅಮ್ಮನ ಮರೆವಿಗೆಂದು, ಯಾರನ್ನೂ ಕೇಳದೆ, ನೆನಪಿನ ಶಕ್ತಿಯ ಗುಳಿಗೆ ತಂದೆ. ಅದನ್ನು ಮೇಜಿನ ಮೇಲಿಟ್ಟು ನೀರು ತರಲು ಹೋದೆ. ಅಕ್ಕನ ಹೊಲಿಗೆ ಯಂತ್ರ ಎರಡು ಸಲ ಕಿರುಗುಟ್ಟಿತು. ಅದನ್ನು ಮಾರಿ ತಿಂಗಳಾಗಿತ್ತು. ಬಂದು ನೋಡಿದರೆ ಗುಳಿಗೆಯ ಹಾಳೆಗೆ ಕಪ್ಪು ದಾರ, ಅಕ್ಕನದೇ ಜೋಡಿ ಗಂಟು.

"ಅಮ್ಮಾ, ಇದನ್ನ ಕಟ್ಟಿದ್ಯಾರು?"

"ನನಗೆ ಸೂಜಿ ಕಣ್ಣೇ ಕಾಣಲ್ಲ, ಗಂಟು ಬೇರೆ ಹಾಕ್ತೀನಾ? ನೀನೇ ಕಟ್ಟಿ ಮರೆತಿರ್ತೀಯ. ಆ ಗುಳಿಗೆ ನೀನೇ ನುಂಗು ಕಣೆ!"

ಗುಳಿಗೆಯನ್ನೂ ಅಮ್ಮನ ಚೀಟಿಯನ್ನೂ ಔಷಧಿ ಅಂಗಡಿಗೆ ಒಯ್ದು, ಕಪ್ಪು ದಾರದ ಅರ್ಥ ಹೇಳಿದೆ. ಅಂಗಡಿಯವರು ಚೀಟಿ ನೋಡಿ ಗಾಬರಿಯಾದರು. "ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದಾರಲ್ಲಮ್ಮ! ಇದನ್ನೂ ಕೊಟ್ಟಿದ್ರೆ ಒಳಗೇ ರಕ್ತ ಸೋರ್ಬಹುದಿತ್ತು. ಕಟ್ಟಿಟ್ಟವರು ಭಾರಿ ಹುಷಾರು."

"ಹೌದು, ನಮ್ಮಕ್ಕ," ಎಂದೆ.

ಸೂಜಿಗೆ ಪೋಣಿಸುವ ಮೊದಲು ಅಕ್ಕ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತಿದ್ದಳು. ಗುಳಿಗೆಯ ಮೇಲೆ ಆ ಗಂಟು ಕಂಡು ಇವತ್ತಿಗೆ ಒಂಬತ್ತು ದಿನ. ಆ ಕಪ್ಪು ದಾರದ ತುದಿ ಇನ್ನೂ ಒಣಗಿಲ್ಲ.