ಮೂರು ತಿಂಗಳ ಕರಡು

"ಇವರು ಅವಳ ಟೀಚರ್" ಎಂದು ಪರಿಚಯಿಸಿದರು. ಇಪ್ಪತ್ತಾರು ವರ್ಷ ಕುಂಚ ಹಿಡಿದು ಮಕ್ಕಳ ಪುಸ್ತಕಗಳಿಗೆ ನೂರಾರು ಚಿತ್ರ ಬರೆದವಳಿಗೆ ಶಿಷ್ಯೆಯನ್ನು ಸನ್ಮಾನಿಸಿದ ಆ ಸಂಜೆಯ ಸಭೆಯಲ್ಲಿ ಸಿಕ್ಕ ಹೆಸರು ಅಷ್ಟೇ. ಶಿಷ್ಯೆ ಪಕ್ಕದಲ್ಲೇ ನಿಂತು ನಗುತ್ತಿದ್ದಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಕ್ಷಮಿಸಬಹುದಿತ್ತು.

ಮಕ್ಕಳ ಆಸ್ಪತ್ರೆಯ ವಾರ್ಡಿನ ಉದ್ದ ಗೋಡೆಗೆ ಚಿತ್ರ ಬೇಕೆಂದು ಪ್ರಕಟಣೆ ಬಂದಾಗ ಇಬ್ಬರೂ ಹೆಸರು ಕೊಟ್ಟರು. ಗೆದ್ದವರ ಚಿತ್ರ, ಕೆಳಗೆ ಅವರ ಹೆಸರು, ಆ ಕಟ್ಟಡ ಇರುವವರೆಗೂ ಇರುತ್ತದೆ. ಕೈಯಿಂದಲೇ ಬರೆದದ್ದಾಗಿರಬೇಕು, ಯಂತ್ರದ ಚಿತ್ರ ಕೂಡದು ಎಂಬುದೊಂದೇ ಷರತ್ತು. ಆಕೆ ಎರಡೂವರೆ ತಿಂಗಳು ಖಾಲಿ ಹಾಳೆಯ ಮುಂದೆ ಕೂತಳು. ಅಮ್ಮ ತೀರಿಕೊಂಡ ಮೇಲೆ ಹೀಗೇ ಆಗಿತ್ತು. ಕೈ ಮೊದಲಿನಷ್ಟೇ ಚುರುಕು, ಒಳಗೆ ಮಾತ್ರ ಚಿತ್ರ ಮೂಡುತ್ತಿರಲಿಲ್ಲ. ಈ ಸಂಗತಿಯನ್ನು ಗಂಡನಿಗೂ ಹೇಳಿರಲಿಲ್ಲ.

ಕೊನೆಯ ದಿನಕ್ಕೆ ಎರಡು ವಾರ ಉಳಿದಿದ್ದಾಗ ಆಸ್ಪತ್ರೆಗೆ ಹೋಗಿ ಗೋಡೆಯ ಫೋಟೊ ತೆಗೆದುಕೊಂಡು ಬಂದಳು. ಅದನ್ನು ಚಿತ್ರ ಬರೆಯುವ ಎಐಗೆ ಕೊಟ್ಟು, ಈ ಗೋಡೆಗೆ ಏನು ಬೇಕೆಂದು ಪ್ರಾಂಪ್ಟ್ ಬರೆದಳು. "ಮಕ್ಕಳಿಗಾಗಿ ಒಂದು ದೊಡ್ಡ ಮರ" ಎಂದಾಗ ಮಿಠಾಯಿ ಡಬ್ಬದ ಮೇಲಿನ ಮರ ಬಂತು. ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ನಾಲ್ಕನೆಯ ದಿನ, ಯೋಚಿಸದೆ, ಹೀಗೆ ಬರೆದಳು: "ಜ್ವರ ಇಳಿದ ಮೊದಲ ಬೆಳಗ್ಗೆ ಮಲಗಿದ್ದಲ್ಲಿಂದಲೇ ಕಂಡ ಮರ. ಎಲೆಗಳ ಅಡಿಬದಿ ಮಾತ್ರ ಕಾಣಬೇಕು. ಯಾರೋ ಹಣೆ ಮುಟ್ಟಿ ಆಗಷ್ಟೇ ಎದ್ದು ಹೋದ ಹಾಗೆ ಬೆಳಕು."

ಪರದೆಯ ಮೇಲೆ ಬಂದ ಮರವನ್ನು ಆಕೆ ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದಳು. ಇಷ್ಟು ಚೆನ್ನಾಗಿ ಯಂತ್ರಕ್ಕೆ ಹೊಳೆಯಿತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಆ ಮೂರು ಸಾಲು ಎಲ್ಲಿಂದ ಬಂದವೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಪ್ರಾಂಪ್ಟ್‌ಗಳನ್ನೆಲ್ಲ ತೆಗೆದುಹಾಕಿದಳು, ಖಾತೆಯನ್ನೂ ಮುಚ್ಚಿದಳು.

ಚಿತ್ರವನ್ನು ನೋಡಿಕೊಂಡು ಬಣ್ಣದಲ್ಲಿ ಬರೆಯುವುದು ಆಕೆಗೆ ನೀರು ಕುಡಿದಷ್ಟು ಸುಲಭ. ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮುಗಿದ ಚಿತ್ರದಿಂದ ಹಿಂದಕ್ಕೆ ನಡೆದು, ಅದು ಹುಟ್ಟಿದ ದಾರಿಯನ್ನು ಕಟ್ಟಬೇಕಿತ್ತು. ಕೊನೆಯ ಪುಟದಲ್ಲಿ ಹೆಚ್ಚು ಕಡಿಮೆ ಪೂರ್ತಿ ಮರ, ಅದರ ಹಿಂದಿನದರಲ್ಲಿ ಸ್ವಲ್ಪ ಒರಟು, ಮೊದಲ ಪುಟದಲ್ಲಿ ನಾಲ್ಕೇ ಗೆರೆ. ಒಂದೊಂದು ಪುಟಕ್ಕೆ ಒಂದೊಂದು ತಾರೀಕು, ಪ್ರಕಟಣೆ ಬಂದ ವಾರದಿಂದಲೇ. ಮೂರು ಪೆನ್ಸಿಲ್‌ಗಳನ್ನು ಬೇರೆ ಬೇರೆ ಮೊನೆಗೆ ಸವೆಸಿದಳು. ಹಕ್ಕಿಗಳನ್ನು ಬರೆದು ತಾನೇ ಗೀಟು ಎಳೆದು ಹೊಡೆದುಹಾಕಿದಳು. ಒಂದು ಮೂಲೆಯಲ್ಲಿ ಗ್ಯಾಸಿನವನ ನಂಬರು, ಇನ್ನೊಂದರಲ್ಲಿ ಕಾಫಿ ಲೋಟದ ಕಲೆ. ಗೆರೆಗೆ ಗೆರೆ, ಯಾವ ವಿವರವನ್ನೂ ಬಿಡಲಿಲ್ಲ. ಕಾಗದ ಹಳತಾಗಲಿ ಎಂದು ಪುಸ್ತಕವನ್ನು ಬಾಲ್ಕನಿಯ ಬಿಸಿಲಿಗಿಟ್ಟಳು.

"ಏನೇ, ಒಗೆದು ಒಣಗಿಸ್ತಿದೀಯಾ ಅದನ್ನ? ಇಸ್ತ್ರೀನೂ ಮಾಡಿಡ್ಲಾ?" ಎಂದ ಗಂಡ.

"ನೀರು ಬಿತ್ತು. ನಿಮ್ಮ ಪೇಪರ್ ನೋಡ್ಕೊಳ್ಳಿ."

ಇನ್ನೊಂದು ಹೆಜ್ಜೆ ಬಾಕಿಯಿತ್ತು. ಆಸ್ಪತ್ರೆಯ ಮೇಲ್ವಿಚಾರಕಿಗೆ ವಿನಯದಿಂದ ಪತ್ರ ಬರೆದಳು: ಈಗಿನ ಕಾಲದಲ್ಲಿ ಯಾವುದು ಕೈಯದು, ಯಾವುದು ಯಂತ್ರದ್ದು ಎಂದು ಹೇಳುವುದು ಕಷ್ಟ, ನನ್ನನ್ನೂ ಸೇರಿಸಿ ಎಲ್ಲರಿಂದಲೂ ಕರಡುಗಳನ್ನು ತರಿಸಿಕೊಂಡರೆ ಒಳ್ಳೆಯದು. ಮೇಲ್ವಿಚಾರಕಿ ಮೆಚ್ಚಿ, ಹಾಗೆಯೇ ಮಾಡಿದರು. ಶಿಷ್ಯೆ ಕರಡು ಮಾಡುವವಳೇ ಅಲ್ಲ, ನೇರವಾಗಿ ಹಾಳೆಗೇ ಬಣ್ಣ ಹಚ್ಚುವವಳು. ಆ ಅಭ್ಯಾಸ ಬಿಡಿಸಲು ಆಕೆಯೇ ಐದು ವರ್ಷ ಹೆಣಗಿದ್ದಳು.

ಮರುದಿನವೇ ಹುಡುಗಿಯ ಫೋನು ಬಂತು.

"ಅಕ್ಕಾ, ಕರಡು ತೋರಿಸಿ ಅಂತಿದಾರೆ. ನನ್ನ ಹತ್ರ ಎಲ್ಲಿಂದ ಬರ್ಬೇಕು?"

"ಎಷ್ಟು ಸಲ ಬಡ್ಕೊಂಡೆ ನಾನು, ಕರಡು ಮಾಡೇ ಅಂತ!"

"ಬೈಬೇಡಿ ಅಕ್ಕ. ಈಗ್ಲೇ ಕೂತು ನಾಲ್ಕು ಗೀಚಿಬಿಡ್ಲಾ?"

"ಛೇ, ಅಂಥ ಕಳ್ಳಕೆಲಸ ಬೇಡ. ಇದ್ದದ್ದು ಇದ್ದ ಹಾಗೆ ಹೇಳು. ನಂಬ್ತಾರೆ."

ನಂಬಲಿಲ್ಲ. ಹುಡುಗಿಯ ಚಿತ್ರವನ್ನು ವಾಪಸು ಕಳಿಸಿದರು. ವಾರದೊಳಗೆ, ಅವಳು ಇಷ್ಟು ದಿನ ಮಾಡಿದ್ದೆಲ್ಲ ಯಂತ್ರದ್ದಂತೆ ಎಂಬ ಮಾತು ಹಬ್ಬಿತು. ಪ್ರಕಾಶಕರೊಬ್ಬರು ಅವಳಿಗೆ ಕೊಟ್ಟಿದ್ದ ಪುಸ್ತಕವನ್ನು ಹಿಂದಕ್ಕೆ ಪಡೆದರು. ಮತ್ತೆ ಫೋನು ಬಂದಾಗ ಆ ಕಡೆಯ ದನಿ ಗುರುತು ಸಿಗದಷ್ಟು ಸಣ್ಣಗಾಗಿತ್ತು.

"ನೀವಾದ್ರೂ ನಂಬ್ತೀರಲ್ವಾ ಅಕ್ಕ?"

"ನಾನು ನಂಬದೆ ಇರ್ತೀನಾ ಪುಟ್ಟಿ?" ಎಂದಳು ಆಕೆ. ಫೋನಿಟ್ಟ ಮೇಲೆ ಕೈ ತೊಳೆದುಕೊಂಡಳು. ಕೈಗೆ ಏನೂ ಅಂಟಿರಲಿಲ್ಲ.

ಆಯ್ಕೆಯ ದಿನ ಮೇಲ್ವಿಚಾರಕಿ, ಕಟ್ಟಡದ ಎಂಜಿನಿಯರು ಮತ್ತು ಆಕೆ ಮೂವರೂ ವಾರ್ಡಿಗೆ ನಡೆದರು. ಮಲಗಿದ್ದ ಮಕ್ಕಳು ತಲೆ ಹೊರಳಿಸಿ ನೋಡಿದರು. ಹಾಳೆಯನ್ನು ಗೋಡೆಗೆ ಹಿಡಿದಾಗ ಮೇಲ್ವಿಚಾರಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ, "ನಿಮ್ಮದೇ, ಸಂಶಯವೇ ಇಲ್ಲ" ಎಂದರು. ಕೆಳಗೆ ಹೆಸರು ಎಲ್ಲಿ ಬರಬೇಕೆಂದು ಬೆರಳಿನಿಂದ ತೋರಿಸಿದರು.

ಎಂಜಿನಿಯರು ಕರಡು ಪುಸ್ತಕ ತಿರುವುತ್ತಿದ್ದರು. "ಭೇಷ್ ಮೇಡಂ, ಬೆಂಕಿ ಅಲಾರಾಂ ಡಬ್ಬ ಮುಚ್ಚದ ಹಾಗೆ ಕೊಂಬೆ ಬಗ್ಗಿಸಿದೀರಿ. ಬೇರೆ ಒಬ್ರಿಗೂ ಹೊಳೀಲಿಲ್ಲ ನೋಡಿ" ಎಂದರು. "ಗೋಡೆ ನೋಡ್ಕೊಂಡೇ ಶುರು ಮಾಡೋದು ನಾನು" ಎಂದಳು ಆಕೆ, ನಗುತ್ತಾ. ಅವರು ಮೆಚ್ಚುಗೆಯಿಂದಲೇ ಮೊದಲ ಪುಟಕ್ಕೆ ಬಂದರು. ಅಲ್ಲಿಯೂ ಅದೇ ಕೊಂಬೆ, ಅದರ ಬಳುಕಿನಲ್ಲಿ ಅಲಾರಾಂ ಡಬ್ಬದ ಪುಟ್ಟ ಕೆಂಪು ಚೌಕ, ಪಕ್ಕದಲ್ಲಿ ಆಕೆಯ ಅಕ್ಷರದಲ್ಲಿ "ಇಲ್ಲಿ ಬಗ್ಗಬೇಕು". ಎಂಜಿನಿಯರು ಮೇಲಿನ ತಾರೀಕನ್ನು ನೋಡಿದರು, ಗೋಡೆಯನ್ನು ನೋಡಿದರು, ಇನ್ನೊಮ್ಮೆ ತಾರೀಕನ್ನು ನೋಡಿದರು. "ಇದು ಮೂರು ತಿಂಗಳ ಹಿಂದಿನದಲ್ವಾ ಮೇಡಂ?" ಎಂದು ಕೇಳಿದ ದನಿಯಲ್ಲಿ ಇನ್ನೂ ಬರಿಯ ಗೊಂದಲವಿತ್ತು. "ಈ ಡಬ್ಬ ನಾನೇ ನಿಂತು ಕೂರಿಸಿದ್ದು ಹೋದ ತಿಂಗಳ ಕೊನೇಲಿ. ಅದಕ್ಕೆ ಮುಂಚೆ ಈ ಗೋಡೇಲಿ ಒಂದು ಮೊಳೇನೂ ಇರ್ಲಿಲ್ಲ."